ಲಂಗರು ಕಲ್ಲಲ್ಲ, ನೇಗಿಲು: ಹೊಳೆಯ ದೋಣಿಗೆ ಲಂಗರು ಆರಿಸುವ ಪಾಠ

(ಕನ್ನಡ ವಿಭಾಗ – ಪ್ರೌಢ ತರಗತಿಗಳಿಗೆ)



ಈಸ್ಟ್ ಕೋಸ್ಟ್ ಪಾರ್ಕಿನ ದಂಡೆಯಲ್ಲಿ ಸೈಕಲ್ ತುಳಿಯುವಾಗ ಕಡಲಿನ ಕಡೆ ಕಣ್ಣು ಹಾಯಿಸಿದರೆ ಸಾಲುಸಾಲಾಗಿ ನಿಂತ ಹಡಗುಗಳು ಕಾಣುತ್ತವೆ. ನೀರು ಹರಿಯುತ್ತಲೇ ಇರುತ್ತದೆ, ಗಾಳಿ ಬೀಸುತ್ತಲೇ ಇರುತ್ತದೆ, ಆದರೂ ಅವು ನಿಂತಲ್ಲೇ ನಿಂತಿರುತ್ತವೆ. ಅವನ್ನು ಹಿಡಿದು ನಿಲ್ಲಿಸಿದ ವಸ್ತು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದು ನೀರಿನ ತಳದಲ್ಲಿದೆ. ಅದೇ ಲಂಗರು.

ಡಿಸೆಂಬರ್ ರಜೆಯಲ್ಲಿ ನಿಮ್ಮಲ್ಲಿ ಹಲವರು ಊರಿಗೆ ಹೋಗುತ್ತೀರಿ. ಹೊನ್ನಾವರ, ಕುಮಟಾ, ಕುಂದಾಪುರ, ಮಂಗಳೂರು ಕಡೆಯವರಾದರೆ ಅಜ್ಜನ ಜೊತೆಗೋ ಮಾವನ ಜೊತೆಗೋ ಪುಟ್ಟ ದೋಣಿಯಲ್ಲಿ ಕುಳಿತು ಗಾಳ ಹಾಕುವ ಅವಕಾಶವೂ ಸಿಗಬಹುದು. ಮೀನು ಒಂದೇ ಕಡೆ ಕಚ್ಚುತ್ತಿದ್ದರೆ ದೋಣಿಯೂ ಅಲ್ಲೇ ನಿಲ್ಲಬೇಕು. ಹಾಗೆ ನಿಲ್ಲಿಸಲು ಎಂಥ ಲಂಗರು ಬೇಕು, ಎಷ್ಟು ಹಗ್ಗ ಬೇಕು, ಅದನ್ನು ದೋಣಿಯ ಯಾವ ತುದಿಗೆ ಕಟ್ಟಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ಮೀನು ಹಿಡಿಯುವುದು ಸಂತೋಷದ ಕೆಲಸ. ತಿಳಿಯದಿದ್ದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಈ ವರ್ಷದ ಸಂಚಿಕೆಗೆ ಕನ್ನಡ, ವಿಜ್ಞಾನ, ಗಣಿತ ಮೂರೂ ಸೇರಿದ ಈ ಪಾಠವನ್ನು ಆರಿಸಿಕೊಂಡಿದ್ದೇನೆ.

ಪಾಠದ ಉದ್ದೇಶಗಳು

ಈ ಪಾಠವನ್ನು ಓದಿದ ಮೇಲೆ ನೀವು
• ಲಂಗರು ದೋಣಿಯನ್ನು ಹೇಗೆ ಹಿಡಿಯುತ್ತದೆ ಎಂದು ವಿವರಿಸಬಲ್ಲಿರಿ;
• ಹೊಳೆಯ ತಳಕ್ಕೆ ತಕ್ಕ ಲಂಗರನ್ನು ಆರಿಸಬಲ್ಲಿರಿ;
• ಬೇಕಾದ ಹಗ್ಗದ ಉದ್ದವನ್ನು ಲೆಕ್ಕ ಹಾಕಬಲ್ಲಿರಿ;
• ಅಪಾಯ ಕಂಡಾಗ ಅದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಬಲ್ಲಿರಿ.

1. ಪದ ಪರಿಚಯ

‘ಲಂಗರು’ ಪಾರಸಿ ಭಾಷೆಯಿಂದ ನಮಗೆ ಬಂದ ಪದ. ಹಿಂದಿಯಲ್ಲೂ ಗುಜರಾತಿಯಲ್ಲೂ ಹೆಚ್ಚುಕಡಿಮೆ ಇದೇ ರೂಪವಿದೆ. ಬಂಗಾಳಿಯಲ್ಲಿ ‘ನೋಂಗರ್’, ತಮಿಳಿನಲ್ಲಿ ‘ನಂಗೂರಂ’. ನಿಮ್ಮ ತರಗತಿಯ ಗೆಳೆಯರನ್ನೇ ಕೇಳಿ ನೋಡಿ. ಇಲ್ಲಿನ ಮಲಯ ಭಾಷೆಯಲ್ಲಿ ಮಾತ್ರ ಬೇರೆಯೇ ಪದವಿದೆ: ‘ಸೌಹ್’. ಇಂಗ್ಲಿಷಿನ ‘ಆಂಕರ್’ ಗ್ರೀಕ್ ಮೂಲದ್ದು. ಅದರ ಬೇರಿನಲ್ಲಿರುವ ಅರ್ಥ ‘ಬಾಗಿದ್ದು’. ಆನೆಯನ್ನು ಹಿಡಿತದಲ್ಲಿಡುವ ನಮ್ಮ ‘ಅಂಕುಶ’ಕ್ಕೂ ಆ ಪದಕ್ಕೂ ದೂರದ ನಂಟಿದೆ.

ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು ಮರಾಠಿಯ ‘ನಾಂಗರ್’. ಆ ಒಂದೇ ಪದಕ್ಕೆ ಎರಡು ಅರ್ಥ: ಹೊಲ ಉಳುವ ನೇಗಿಲು ಮತ್ತು ದೋಣಿಯ ಲಂಗರು. ಈ ಎರಡು ಅರ್ಥಗಳನ್ನು ನೆನಪಿಡಿ. ಇಡೀ ಪಾಠದ ತಿರುಳು ಅದರಲ್ಲೇ ಇದೆ.

2. ತೂಕವೋ, ಹಿಡಿತವೋ?

‘ಲಂಗರು ಎಂದರೆ ಭಾರವಾದ ವಸ್ತು. ಹೆಚ್ಚು ಭಾರವಿದ್ದಷ್ಟೂ ಒಳ್ಳೆಯದು’ ಎಂದು ಅನೇಕರು ತಿಳಿದಿದ್ದಾರೆ. ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಡುವ ರೂಢಿ ಬಹಳ ಹಳೆಯದು. ಗುಜರಾತಿನ ದ್ವಾರಕೆಯ ಕಡಲಿನಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1980ರ ದಶಕದಿಂದ ನಡೆಸಿದ ಶೋಧನೆಗಳಲ್ಲಿ ತೂತು ಕೊರೆದ ಕಲ್ಲಿನ ಲಂಗರುಗಳು ಸಿಕ್ಕಿವೆ. ಆ ಶೋಧನೆಗೆ ನಾಂದಿ ಹಾಡಿದವರು ಕನ್ನಡಿಗರೇ ಆದ ಪುರಾತತ್ವ ವಿದ್ವಾಂಸ ಶಿಕಾರಿಪುರ ರಂಗನಾಥ ರಾವ್ (1922–2013). ಆ ಕಲ್ಲುಗಳಲ್ಲಿ ಕೆಲವು ತ್ರಿಕೋನಾಕಾರದವು, ಮೂರು ತೂತುಗಳುಳ್ಳವು. ಮೇಲಿನ ತೂತಿಗೆ ಹಗ್ಗ, ಕೆಳಗಿನ ಎರಡಕ್ಕೆ ಚೂಪಾದ ಮರದ ಗೂಟಗಳು. ಗೂಟ ಏಕೆ? ಬರೀ ಭಾರ ಸಾಲದು, ತಳವನ್ನು ಕಚ್ಚಬೇಕು ಎಂಬುದು ಅಂದಿನ ನಾವಿಕರಿಗೂ ಗೊತ್ತಿತ್ತು.

ಇದಕ್ಕೆ ವಿಜ್ಞಾನ ತರಗತಿಯಲ್ಲಿ ನೀವು ಕಲಿತ ಆರ್ಕಿಮಿಡೀಸನ ತತ್ವವೇ ಉತ್ತರ ಕೊಡುತ್ತದೆ. ನೀರಿನಲ್ಲಿ ಮುಳುಗಿದ ವಸ್ತು, ತಾನು ಸರಿಸಿದ ನೀರಿನ ತೂಕದಷ್ಟು ತೂಕವನ್ನು ಕಳೆದುಕೊಂಡಂತೆ ತೋರುತ್ತದೆ.

• 10 ಕಿಲೋ ಗ್ರಾನೈಟ್ ಕಲ್ಲು ನೀರಿನೊಳಗೆ ಸುಮಾರು 6.3 ಕಿಲೋ.
• 10 ಕಿಲೋ ಕಾಂಕ್ರೀಟ್ ಗಟ್ಟಿ ನೀರಿನೊಳಗೆ ಸುಮಾರು 5.8 ಕಿಲೋ.
• 10 ಕಿಲೋ ಕಬ್ಬಿಣ ನೀರಿನೊಳಗೆ ಸುಮಾರು 8.7 ಕಿಲೋ.

ಅಂದರೆ ಕಷ್ಟಪಟ್ಟು ಎತ್ತಿಕೊಂಡು ಬಂದ ಕಲ್ಲಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ತೂಕವನ್ನು ನೀರೇ ಕಳೆದುಬಿಡುತ್ತದೆ. ಉಳಿದ ತೂಕವೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ನುಣುಪಾದ ಕೆಸರಿನ ಮೇಲೆ ಕಲ್ಲು ಜಾರುತ್ತದೆ. ಅದನ್ನು ಅಡ್ಡಡ್ಡವಾಗಿ ಎಳೆಯಲು ಅದರ ತೂಕಕ್ಕಿಂತ ಕಡಿಮೆ ಬಲ ಸಾಕು.

ಈಗ ನೇಗಿಲನ್ನು ನೆನೆಸಿಕೊಳ್ಳಿ. ನೇಗಿಲು ಅಷ್ಟೇನೂ ಭಾರವಲ್ಲ, ರೈತ ಹೆಗಲ ಮೇಲೆ ಹೊತ್ತು ಹೊಲಕ್ಕೆ ಹೋಗುತ್ತಾನೆ. ಆದರೆ ಅದರ ಕುಳ ನೆಲಕ್ಕೆ ಇಳಿದ ಮೇಲೆ ಎಳೆಯಲು ಜೋಡಿ ಎತ್ತುಗಳೇ ಬೇಕು. ಎಳೆದಷ್ಟೂ ಅದು ಮಣ್ಣಿಗೆ ಇಳಿಯುತ್ತದೆ. ಒಳ್ಳೆಯ ಲಂಗರಿನ ಗುಣವೂ ಇದೇ. ಸರಿಯಾದ ತಳದಲ್ಲಿ ಸರಿಯಾಗಿ ಕಚ್ಚಿಕೊಂಡ 4 ಕಿಲೋ ಲಂಗರು ತನ್ನ ತೂಕದ ಹತ್ತಾರು ಪಟ್ಟು ಎಳೆತವನ್ನು ತಡೆಯಬಲ್ಲದು.

ಹೊಳೆಯಲ್ಲಿ ಇದು ಇನ್ನೂ ಮುಖ್ಯ. ಕೆರೆಯ ನೀರು ನಿಂತಿರುತ್ತದೆ, ಹೊಳೆಯ ನೀರು ದೋಣಿಯನ್ನು ಸದಾ ದೂಡುತ್ತಿರುತ್ತದೆ. ಆ ದೂಡುವ ಬಲ ಹರಿವಿನ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಬೆಳಿಗ್ಗೆ ನಿಂತ ದೋಣಿ ಮಧ್ಯಾಹ್ನ ಜಾರತೊಡಗಿದರೆ ಆಶ್ಚರ್ಯವಿಲ್ಲ.

3. ಮೊದಲು ತಳವನ್ನು ಓದಿ

ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ಲಂಗರು ಒಳ್ಳೆಯದು?’ ಎಂಬುದಲ್ಲ. ‘ನಮ್ಮ ಹೊಳೆಯ ತಳ ಎಂಥದು?’ ಎಂಬುದು. ಕನ್ನಡದಲ್ಲಿ ತಳಕ್ಕೆ ಎಷ್ಟು ಚೆಂದದ ಪದಗಳಿವೆ ನೋಡಿ: ಕೆಸರು, ರಾಡಿ, ಮರಳು (ಕರಾವಳಿಯವರ ಬಾಯಲ್ಲಿ ಹೊಯ್ಗೆ), ಜಲ್ಲಿ, ಗುಂಡುಕಲ್ಲು, ಬಂಡೆ, ಜೊಂಡು. ಪ್ರತಿಯೊಂದಕ್ಕೂ ಲಂಗರು ಬೇರೆ.

ತಳವನ್ನು ತಿಳಿಯುವುದು ಹೇಗೆ? ನೀರು ಆಳವಿಲ್ಲದ ಕಡೆ ಬಿದಿರಿನ ಗಳವನ್ನು ಊರಿ ನೋಡಬಹುದು. ‘ಟಕ್’ ಎಂದರೆ ಬಂಡೆ, ‘ಚರ್’ ಎಂದರೆ ಮರಳು ಅಥವಾ ಜಲ್ಲಿ, ಸದ್ದಿಲ್ಲದೆ ಇಳಿದರೆ ಕೆಸರು. ಆಳವಿದ್ದರೆ ಹಳೆಯ ನಾವಿಕರ ಉಪಾಯವಿದೆ. ಸೀಸದ ಗುಂಡಿನ ಅಡಿಯಲ್ಲಿ ಒಂದು ಗುಳಿ ಮಾಡಿ, ಅದರಲ್ಲಿ ಕೊಬ್ಬನ್ನು ಮೆತ್ತಿ, ಹಗ್ಗ ಕಟ್ಟಿ ಇಳಿಸುತ್ತಿದ್ದರು. ಮೇಲೆತ್ತಿದಾಗ ಕೊಬ್ಬಿಗೆ ಅಂಟಿದ ಮರಳೋ ಕೆಸರೋ ತಳದ ಗುಟ್ಟನ್ನು ಹೇಳುತ್ತಿತ್ತು. ಏನೂ ಅಂಟದಿದ್ದರೆ ಬಂಡೆ. ಅದೇ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿದ್ದರೆ ಆಳವೂ ಗೊತ್ತಾಗುತ್ತದೆ.

4. ಲಂಗರಿನ ಬಗೆಗಳು

(ಅ) ಅಣಬೆ ಲಂಗರು: ತಲೆಕೆಳಗಾದ ಅಣಬೆಯ ಆಕಾರ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದವರು ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ರಾಬರ್ಟ್ ಸ್ಟೀವನ್ಸನ್. ‘ಟ್ರೆಷರ್ ಐಲೆಂಡ್’ ಬರೆದ ಕಾದಂಬರಿಕಾರ ಇವರ ಮೊಮ್ಮಗ. ಈ ಲಂಗರು ಮೆತ್ತನೆಯ ಕೆಸರಿನಲ್ಲಿ ನಿಧಾನವಾಗಿ ಹೂತು ಕೂರುತ್ತದೆ. ಚೂಪು ತುದಿಗಳಿಲ್ಲದ ಕಾರಣ ದೋಣಿಗೂ ಬಲೆಗೂ ಕೈಗೂ ಗಾಯ ಮಾಡುವುದಿಲ್ಲ. ನಿಂತ ನೀರಿಗೆ, ಹಗುರ ದೋಣಿಗೆ ಸರಿ. ಮರಳಿನಲ್ಲಿ, ಜಲ್ಲಿಯಲ್ಲಿ, ಸೆಳವಿನಲ್ಲಿ ಜಾರುತ್ತದೆ.

(ಆ) ಚಪ್ಪಟೆ ರೆಕ್ಕೆಯ ಲಂಗರು: ಅಗಲವಾದ ಎರಡು ರೆಕ್ಕೆಗಳು ಕೀಲಿನ ಮೇಲೆ ಆಡುತ್ತವೆ. ಎಳೆದಾಗ ಅವು ಕೆಳಕ್ಕೆ ಬಾಗಿ ಮರಳಿಗೆ ಇಳಿಯುತ್ತವೆ. ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ ಇದನ್ನು ಎರಡನೆಯ ಮಹಾಯುದ್ಧದಲ್ಲಿ ದಂಡೆಗೆ ಸೈನ್ಯ ಇಳಿಸುವ ದೋಣಿಗಳಲ್ಲಿ ಬಳಸಿದರು. ತೂಕ ಕಡಿಮೆ, ಹಿಡಿತ ಹೆಚ್ಚು, ಮಡಚಿಡಲು ಸುಲಭ. ಮರಳಿಗೂ ಗಟ್ಟಿ ಕೆಸರಿಗೂ ಉತ್ತಮ. ಬಂಡೆಯ ಮೇಲೆ ಜಾರುತ್ತದೆ, ಜೊಂಡಿನಲ್ಲಿ ರೆಕ್ಕೆಗೆ ಕಸ ಸಿಕ್ಕಿಕೊಂಡು ಕಚ್ಚುವುದೇ ಇಲ್ಲ.

(ಇ) ನೇಗಿಲು ಲಂಗರು: ಹೆಸರೇ ಹೇಳುವಂತೆ ನೇಗಿಲಿನ ಕುಳದ ಆಕಾರ. 1933ರಲ್ಲಿ ಇದನ್ನು ರೂಪಿಸಿದವರು ಇಂಗ್ಲೆಂಡಿನ ಪ್ರಸಿದ್ಧ ಭೌತವಿಜ್ಞಾನಿ ಜಿ. ಐ. ಟೇಲರ್. ಇದಕ್ಕಿಟ್ಟ ಹೆಸರು ‘ಸಿ-ಕ್ಯೂ-ಆರ್’. ಬೇಗ ಬೇಗ ಹೇಳಿ ನೋಡಿ, ‘ಸೆಕ್ಯೂರ್’ ಎಂದು ಕೇಳಿಸುತ್ತದೆ! ನೀರಿನ ದಿಕ್ಕು ಬದಲಾಗಿ ದೋಣಿ ತಿರುಗಿದಾಗ ಕೀಲಿನಿಂದಾಗಿ ಇದೂ ತಿರುಗುತ್ತದೆ. ಬೆಲೆಯೂ ತೂಕವೂ ಹೆಚ್ಚು. ದೊಡ್ಡ ದೋಣಿಗಳಿಗೆ ಹೊಂದುತ್ತದೆ.

(ಈ) ಕೊಕ್ಕೆ ಲಂಗರು: ನಾಲ್ಕೈದು ಕೊಕ್ಕೆಗಳು ಸುತ್ತಲೂ ಚಾಚಿರುತ್ತವೆ. ನಿಮ್ಮ ಅಜ್ಜಿಯ ಮನೆಯಲ್ಲಿ ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಪಾತಾಳಗರಡಿಯನ್ನು ನೋಡಿದ್ದರೆ ಇದರ ರೂಪ ತಕ್ಷಣ ತಿಳಿಯುತ್ತದೆ. ಬಂಡೆ, ಗುಂಡುಕಲ್ಲುಗಳ ಸಂದಿನಲ್ಲಿ ಹಿಡಿಯಲು ಇದೇ ಸರಿ. ಮರಳಿನಲ್ಲಿ ಕೊಕ್ಕೆಗಳು ಗೆರೆ ಎಳೆಯುತ್ತಾ ಬರುತ್ತವೆಯೇ ಹೊರತು ನಿಲ್ಲುವುದಿಲ್ಲ. ಇದರ ದೊಡ್ಡ ತೊಂದರೆ ಎಂದರೆ, ಹಿಡಿದದ್ದನ್ನು ಬಿಡುವುದಿಲ್ಲ.

(ಉ) ಕಲ್ಲು, ಮರಳು ಚೀಲ, ಕಾಂಕ್ರೀಟ್ ತುಂಬಿದ ಡಬ್ಬ: ಖರ್ಚಿಲ್ಲ, ಕಳೆದುಹೋದರೂ ನಷ್ಟವಿಲ್ಲ. ಹರಿವಿಲ್ಲದ ಹಿನ್ನೀರಿನಲ್ಲಿ ಅರ್ಧ ಗಂಟೆ ಗಾಳ ಹಾಕಲು ಸಾಕು. ಸೆಳವಿನಲ್ಲಿ ಇದನ್ನು ನಂಬಬಾರದು.

ಇಲ್ಲಿ ಒಂದು ಮಾತು. ಒಂದು ತಳದಲ್ಲಿ ಶೂರನಾದ ಲಂಗರು ಇನ್ನೊಂದು ತಳದಲ್ಲಿ ಕೆಲಸಕ್ಕೆ ಬಾರದು. ಆದ್ದರಿಂದ ಅನುಭವಿಗಳು ದೊಡ್ಡದೊಂದನ್ನು ಕೊಳ್ಳುವ ಬದಲು ಬೇರೆ ಬೇರೆ ಬಗೆಯ ಎರಡು ಸಣ್ಣ ಲಂಗರುಗಳನ್ನು ದೋಣಿಯಲ್ಲಿ ಇಟ್ಟುಕೊಳ್ಳುತ್ತಾರೆ.

5. ಸರಪಳಿ ಮತ್ತು ಹಗ್ಗ

ನೇಗಿಲನ್ನು ಮೇಲಕ್ಕೆ ಎತ್ತಿ ಎಳೆದರೆ ಅದು ಉಳುವುದಿಲ್ಲ. ಲಂಗರೂ ಹಾಗೆಯೇ. ಎಳೆತ ತಳಕ್ಕೆ ಆದಷ್ಟು ಸಮಾನಾಂತರವಾಗಿದ್ದರೆ ಅದು ಕಚ್ಚುತ್ತದೆ, ಮೇಲ್ಮುಖವಾಗಿದ್ದರೆ ಕಿತ್ತು ಬರುತ್ತದೆ. ಆದ್ದರಿಂದಲೇ ಹಗ್ಗ ಉದ್ದವಾಗಿರಬೇಕು. ಹಗ್ಗ ಬಿಗಿಯಾಗಿ ನೇರವಾದಾಗ ತಳದೊಂದಿಗೆ ಅದು ಮಾಡುವ ಕೋನ ಹೀಗಿರುತ್ತದೆ:

• ಆಳದ 2 ಪಟ್ಟು ಹಗ್ಗ – ಕೋನ 30 ಡಿಗ್ರಿ
• ಆಳದ 3 ಪಟ್ಟು ಹಗ್ಗ – ಕೋನ ಸುಮಾರು 19 ಡಿಗ್ರಿ
• ಆಳದ 5 ಪಟ್ಟು ಹಗ್ಗ – ಕೋನ ಸುಮಾರು 12 ಡಿಗ್ರಿ
• ಆಳದ 7 ಪಟ್ಟು ಹಗ್ಗ – ಕೋನ ಸುಮಾರು 8 ಡಿಗ್ರಿ

ಶಾಂತ ನೀರಿನಲ್ಲಿ 5 ಪಟ್ಟು, ಸೆಳವು ಅಥವಾ ಗಾಳಿ ಇದ್ದಾಗ 7 ಪಟ್ಟು ಎಂಬುದು ದೋಣಿಯವರ ಸಾಮಾನ್ಯ ನಿಯಮ. ಲಂಗರಿಗೂ ಹಗ್ಗಕ್ಕೂ ನಡುವೆ ದೋಣಿಯ ಉದ್ದದಷ್ಟು ಸರಪಳಿ ಹಾಕಿದರೆ ಇನ್ನೂ ಒಳ್ಳೆಯದು. ಸರಪಳಿಯ ಭಾರ ಲಂಗರಿನ ದಂಡವನ್ನು ತಳಕ್ಕೆ ಒತ್ತಿ ಹಿಡಿಯುತ್ತದೆ, ಕಲ್ಲಿಗೆ ಉಜ್ಜಿ ಹಗ್ಗ ಸವೆಯುವುದನ್ನೂ ತಪ್ಪಿಸುತ್ತದೆ.

ಹಗ್ಗ ನೈಲಾನಿನದಾಗಿರಲಿ. ಅದು ಸ್ವಲ್ಪ ಹಿಗ್ಗುವುದರಿಂದ ಅಲೆಯ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ ಮತ್ತು ನೀರಿನಲ್ಲಿ ಮುಳುಗುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ನೀರಿಗಿಂತ ಹಗುರ, ತೇಲುತ್ತದೆ. ತೇಲುವ ಹಗ್ಗ ಎಂಜಿನ್ನಿನ ಪಂಕಕ್ಕೆ ಸುತ್ತಿಕೊಳ್ಳುವ ಅಪಾಯವಿದೆ.

ಮಾದರಿ ಲೆಕ್ಕ: ಇಳಿತದ ವೇಳೆ ಹೊಳೆಯ ಆಳ 3 ಮೀಟರ್. ಉಬ್ಬರದಲ್ಲಿ ನೀರು ಇನ್ನೂ 1.5 ಮೀಟರ್ ಏರುತ್ತದೆ. ನೀರಿನ ಮಟ್ಟದಿಂದ ಹಗ್ಗ ಕಟ್ಟುವ ಮುಂತುದಿಯ ಎತ್ತರ ಅರ್ಧ ಮೀಟರ್. ಎಷ್ಟು ಹಗ್ಗ ಬೇಕು?

ಪರಿಹಾರ: 3 + 1.5 + 0.5 = 5 ಮೀಟರ್. ಶಾಂತ ನೀರಿಗೆ 5 × 5 = 25 ಮೀಟರ್, ಸೆಳವಿಗೆ 5 × 7 = 35 ಮೀಟರ್.

ಇಳಿತದ ಆಳವೊಂದನ್ನೇ ನೋಡಿ 3 × 5 = 15 ಮೀಟರ್ ಎಂದು ಬಿಟ್ಟಿದ್ದರೆ ಏನಾಗುತ್ತಿತ್ತು? ಉಬ್ಬರ ಬಂದಾಗ ಆ 15 ಮೀಟರ್ ಹಗ್ಗ ಒಟ್ಟು ಎತ್ತರದ 3 ಪಟ್ಟು ಮಾತ್ರ. ಕೋನ 19 ಡಿಗ್ರಿಗೆ ಏರುತ್ತದೆ, ಲಂಗರು ಕಿತ್ತು ಬರುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿ ಸ್ವಲ್ಪ ಬದಲಾಗುತ್ತದೆ: ಹಾಸಿಗೆ ಬೆಳೆಯುವಷ್ಟು ಮೊದಲೇ ಹಗ್ಗ ಚಾಚಬೇಕು!

6. ನಮ್ಮ ಹೊಳೆಗಳು

ಶರಾವತಿ: ಹೊನ್ನಾವರದಿಂದ ಗೇರುಸೊಪ್ಪದವರೆಗೆ ಶರಾವತಿಯಲ್ಲಿ ದೋಣಿ ಸಂಚಾರಕ್ಕೆ ದೀರ್ಘ ಇತಿಹಾಸವಿದೆ. ಹದಿನಾರನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸು ಈ ಜಲಮಾರ್ಗದಲ್ಲೇ ಕಡಲಿಗೆ ಇಳಿಯುತ್ತಿತ್ತು. ಅಂಬಿಗರು, ಖಾರ್ವಿಗಳು, ಹರಿಕಂತ್ರರು ಇಲ್ಲಿ ಇಂದಿಗೂ ಮೀನುಗಾರಿಕೆ ನಡೆಸುತ್ತಾರೆ. ಅಳಿವೆಯ ಹತ್ತಿರ ಮರಳು, ಕೆಸರು, ಮೇಲಕ್ಕೆ ಹೋದಂತೆ ಕಲ್ಲು. ಇಲ್ಲಿ ಎರಡು ಬಗೆಯ ನೀರು ದೋಣಿಯನ್ನು ದೂಡುತ್ತದೆ. ಒಂದು, ಕಡಲಿನ ಭರತ–ಇಳಿತ. ಇನ್ನೊಂದು, ಮೇಲಿನ ಅಣೆಕಟ್ಟುಗಳಿಂದ ಬರುವ ನೀರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು, ಅದರ ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು ಅಣೆಕಟ್ಟು ಮತ್ತು ವಿದ್ಯುದಾಗಾರವಿದೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ಹರಿವು ಹೆಚ್ಚುತ್ತದೆ. ಆದ್ದರಿಂದ ಹೆಚ್ಚುವರಿ ಹಗ್ಗ ಇಟ್ಟುಕೊಳ್ಳುವುದು ಜಾಣತನ.

ಅಘನಾಶಿನಿ: ಶರಾವತಿಯ ಉತ್ತರಕ್ಕೆ ಕುಮಟಾ ಬಳಿ ಕಡಲು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟುಗಳಿಲ್ಲ. ಇದರ ಅಳಿವೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಇಲ್ಲಿ ಕೆಸರು ಬಯಲುಗಳು ವಿಶಾಲ. ಭರತದಲ್ಲಿ ದೋಣಿ ತೇಲುತ್ತಿದ್ದ ಜಾಗದಲ್ಲಿ ಇಳಿತದಲ್ಲಿ ಮೊಣಕಾಲುದ್ದದ ನೀರೂ ಇರದಿರಬಹುದು. ಲಂಗರು ಹಾಕುವ ಮೊದಲು ಇಳಿತದ ವೇಳೆಯನ್ನು ಊರವರಲ್ಲಿ ಕೇಳಿಕೊಳ್ಳಬೇಕು. ದಿಕ್ಕು ಬದಲಾದಾಗ ದೋಣಿ ಲಂಗರಿನ ಸುತ್ತ ಅರ್ಧ ವೃತ್ತ ತಿರುಗುತ್ತದೆ, ಆ ವೃತ್ತದಲ್ಲಿ ಬಲೆಯ ಗೂಟಗಳೂ ಇತರ ದೋಣಿಗಳೂ ಇರಬಾರದು.

ತುಂಗಭದ್ರೆ ಮತ್ತು ಕಾವೇರಿ: ಒಳನಾಡಿನ ಈ ನದಿಗಳಲ್ಲಿ ಹರಿಗೋಲೇ ಪ್ರಸಿದ್ಧ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಗುಂಡುಬಂಡೆಗಳು, ತಲಕಾಡಿನ ಬಳಿ ಕಾವೇರಿಯಲ್ಲಿ ಮರಳು. ಹರಿಗೋಲು ಬುಟ್ಟಿಯಂತೆ ದುಂಡಗಿರುವುದರಿಂದ ಅದಕ್ಕೆ ಮುಂತುದಿ ಹಿಂತುದಿ ಎಂಬುದೇ ಇಲ್ಲ. ಸೆಳವಿನಲ್ಲಿ ಅದರ ಅಂಚಿಗೆ ಲಂಗರಿನ ಹಗ್ಗ ಕಟ್ಟಿದರೆ ಆ ಕಡೆಗೇ ವಾಲಿ ನೀರು ತುಂಬಿಕೊಳ್ಳುತ್ತದೆ. ನಿಲ್ಲಬೇಕೆಂದರೆ ದಡಕ್ಕೆ ಬರುವುದೇ ಕ್ಷೇಮ.

ಮಳೆಗಾಲ: ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಹೊಳೆಗಳೂ ತುಂಬಿ ಹರಿಯುತ್ತವೆ. ತೇಲಿ ಬರುವ ಮರದ ದಿಮ್ಮಿ ಲಂಗರಿನ ಹಗ್ಗಕ್ಕೆ ಅಡ್ಡ ಸಿಕ್ಕಿದರೆ ಯಾವ ಲಂಗರೂ ಕಾಯಲಾರದು. ಜೂನ್ ರಜೆಯಲ್ಲಿ ಊರಿಗೆ ಹೋದವರು ಹೊಳೆಯನ್ನು ದಡದಿಂದಲೇ ನೋಡಿ ಆನಂದಿಸಿ.

7. ಸಿಂಗಾಪುರದಲ್ಲಿ

ಇಲ್ಲಿನ ಸಿಂಗಾಪುರ ನದಿಯೂ ಒಂದು ಕಾಲದಲ್ಲಿ ಸರಕು ದೋಣಿಗಳಿಂದ ಕಿಕ್ಕಿರಿದಿತ್ತು. 1977ರಲ್ಲಿ ಆರಂಭವಾದ ನದಿ ಶುದ್ಧೀಕರಣ 1987ರಲ್ಲಿ ಮುಗಿಯಿತು. ನಡುವೆ 1983ರಲ್ಲಿ ಆ ದೋಣಿಗಳನ್ನು ಪಾಸಿರ್ ಪಾಂಜಾಂಗ್‌ಗೆ ಸ್ಥಳಾಂತರಿಸಲಾಯಿತು. 2008ರಲ್ಲಿ ಮರೀನಾ ಬ್ಯಾರೇಜ್ ಆದ ಮೇಲೆ ನದಿಯ ಮುಖದಲ್ಲಿ ಉಬ್ಬರವಿಳಿತವೇ ನಿಂತು, ಅದು ಸಿಹಿನೀರಿನ ಜಲಾಶಯದ ಭಾಗವಾಯಿತು. ಪುಂಗೋಲ್, ಸೆರಂಗೂನ್ ನದಿಮುಖಗಳೂ 2011ರಲ್ಲಿ ಜಲಾಶಯಗಳಾದವು. ಜಲಾಶಯಗಳಲ್ಲಿ ಗಾಳ ಹಾಕಲು ಗುರುತಿಸಿದ ಸ್ಥಳಗಳಿವೆ, ಅಲ್ಲಿ ಮಾತ್ರ ಹಾಕಬೇಕು.

ಕಡಲಿನಲ್ಲಿ ಮಾತ್ರ ಉಬ್ಬರವಿಳಿತದ ಅಂತರ ಸುಮಾರು 3 ಮೀಟರ್‌ವರೆಗೂ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ 1.5ರ ಬದಲು 3 ಹಾಕಿ ನೋಡಿ, ಹಗ್ಗ ಎಷ್ಟು ಬೆಳೆಯುತ್ತದೆ! ಎಂಜಿನ್ ಇರುವ ವಿಹಾರ ದೋಣಿ ನಡೆಸಲು ಇಲ್ಲಿ ಪರವಾನಗಿ ಬೇಕು. ತಳದಲ್ಲಿ ಕೇಬಲ್‌ಗಳೂ ಕೊಳವೆಗಳೂ ಹಾದುಹೋಗುವ ಕಡೆ ಲಂಗರು ಹಾಕುವಂತಿಲ್ಲ.

8. ಹಾಕುವ, ತೆಗೆಯುವ ಕ್ರಮ

1) ದೋಣಿಯಲ್ಲಿರುವ ಎಲ್ಲರೂ ಜೀವರಕ್ಷಕ ಅಂಗಿ ತೊಟ್ಟಿರಲಿ. ಕೈಗೆಟಕುವಂತೆ ಹರಿತವಾದ ಚಾಕು ಇರಲಿ.
2) ದೋಣಿಯ ಮುಂತುದಿಯನ್ನು ನೀರು ಬರುವ ದಿಕ್ಕಿಗೆ ತಿರುಗಿಸಿ.
3) ಲಂಗರನ್ನು ಎಸೆಯಬೇಡಿ, ಮುಂತುದಿಯಿಂದ ನಿಧಾನವಾಗಿ ಇಳಿಸಿ. ಹಗ್ಗದ ಸುರುಳಿಯೊಳಗೆ ಯಾರ ಕಾಲೂ ಇರಬಾರದು.
4) ದೋಣಿ ಹಿಂದಕ್ಕೆ ಸರಿಯಲಿ, ಲೆಕ್ಕದಷ್ಟು ಹಗ್ಗ ಬಿಡುತ್ತಾ ಹೋಗಿ. ಆಮೇಲೆ ಹಗ್ಗವನ್ನು ಮುಂತುದಿಗೆ ಸುತ್ತಿ ಕಟ್ಟಿ.
5) ದಡದ ಮೇಲಿನ ಎರಡು ಗುರುತುಗಳನ್ನು, ಒಂದು ತೆಂಗಿನಮರ ಮತ್ತು ಅದರ ಹಿಂದಿನ ಮನೆ ಎಂದುಕೊಳ್ಳಿ, ಒಂದೇ ಸಾಲಿನಲ್ಲಿ ನೋಡಿಕೊಳ್ಳಿ. ಆ ಸಾಲು ತಪ್ಪುತ್ತಾ ಹೋದರೆ ಲಂಗರು ಜಾರುತ್ತಿದೆ ಎಂದರ್ಥ.
6) ತೆಗೆಯುವಾಗ ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತಂದು ಎತ್ತಿ. ಈಗ ಎಳೆತ ಮೇಲ್ಮುಖವಾದ್ದರಿಂದ ಅದು ಸುಲಭವಾಗಿ ಬಿಡುತ್ತದೆ.

ಕಲ್ಲಿನ ತಳವಾದರೆ ಮೊದಲೇ ಒಂದು ಉಪಾಯ ಮಾಡಿ. ಸರಪಳಿಯನ್ನು ಲಂಗರಿನ ಬುಡಕ್ಕೆ, ಅಂದರೆ ಕೊಕ್ಕೆಗಳ ಕಡೆಗೆ ಕಟ್ಟಿ. ಆಮೇಲೆ ದಂಡದ ಉದ್ದಕ್ಕೂ ತಂದು ಮೇಲಿನ ಬಳೆಗೆ ತೆಳುವಾದ ದಾರದಿಂದ ಬಿಗಿಯಿರಿ. ಲಂಗರು ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ದಾರ ಹರಿಯುತ್ತದೆ, ಎಳೆತ ಬುಡಕ್ಕೆ ಬೀಳುತ್ತದೆ, ಕೊಕ್ಕೆ ಹಿಂದುಮುಂದಾಗಿ ಬಿಡಿಸಿಕೊಳ್ಳುತ್ತದೆ. ಇದು ಹಗುರವಾದ ಸೆಳವಿಗೆ ಮಾತ್ರ. ಸೆಳವು ಜೋರಾದರೆ ದಾರ ತಾನಾಗಿಯೇ ಹರಿದೀತು.

ಬಹು ಮುಖ್ಯ ಎಚ್ಚರಿಕೆ: ಹರಿಯುವ ನೀರಿನಲ್ಲಿ ಲಂಗರನ್ನು ಎಂದೂ ದೋಣಿಯ ಹಿಂತುದಿಗೆ ಕಟ್ಟಬಾರದು. ಮುಂತುದಿ ಚೂಪಾಗಿ ಎತ್ತರವಾಗಿದೆ, ನೀರನ್ನು ಸೀಳುತ್ತದೆ. ಹಿಂತುದಿ ಅಗಲ, ತಗ್ಗು. ಎಂಜಿನ್ನಿನ ಭಾರವೂ ಅಲ್ಲೇ. ಹಗ್ಗ ಅದನ್ನು ಕೆಳಕ್ಕೆ ಜಗ್ಗಿದರೆ ಹರಿವ ನೀರು ನೇರವಾಗಿ ಒಳನುಗ್ಗುತ್ತದೆ, ಕೆಲವೇ ಕ್ಷಣಗಳಲ್ಲಿ ದೋಣಿ ಮುಳುಗುತ್ತದೆ. ಲಂಗರು ಸಿಕ್ಕಿಕೊಂಡು ದೋಣಿ ವಾಲತೊಡಗಿದರೆ ಹಗ್ಗ ಕತ್ತರಿಸಿಬಿಡಿ. ಲಂಗರು ಹೋದರೆ ಇನ್ನೊಂದು ಕೊಳ್ಳಬಹುದು.

9. ಸಂಭಾಷಣೆ

(ಶರಾವತಿಯ ಮೇಲೆ ಪಾತಿ ದೋಣಿಯಲ್ಲಿ ಅಜ್ಜ ಮತ್ತು ಮೊಮ್ಮಗ. ಇಬ್ಬರು ಗಟ್ಟಿಯಾಗಿ ಓದಿ.)

ಅಜ್ಜ: ತಮಾ, ಇಲ್ಲೇ ನಿಲ್ಲಿಸುವ. ಮೀನು ಕಚ್ಚುವ ಜಾಗ ಇದು.
ಮೊಮ್ಮಗ: ಅಜ್ಜ, ತಳ ಎಂಥದು? ಹೊಯ್ಗೆಯೋ, ರಾಡಿಯೋ?
ಅಜ್ಜ: ಹೊಯ್ಗೆ. ಗಳ ಊರಿ ನೋಡಿದೆ.
ಮೊಮ್ಮಗ: ಹಾಗಾದರೆ ಕೊಕ್ಕೆಯದ್ದು ಬೇಡ, ರೆಕ್ಕೆಯದ್ದು ಹಾಕುವ. ಈಗ ಭರತವೋ ಇಳಿತವೋ?
ಅಜ್ಜ: ಇಳಿತ. ಇನ್ನು ಸ್ವಲ್ಪ ಹೊತ್ತಿಗೆ ಭರತ ಶುರು. ಹಗ್ಗ ನಿನ್ನ ಹತ್ತಿರವೇ ಹಿಂದೆ ಕಟ್ಟು ಮಾರಾಯ, ಯಾರು ಮುಂದೆ ಹೋಗುವುದು!
ಮೊಮ್ಮಗ: ಬೇಡ ಅಜ್ಜ, ಹಿಂದೆ ಕಟ್ಟಿದರೆ ನೀರು ಒಳಗೆ ಬರುತ್ತದೆ. ನೀವು ಕುಳಿತಿರಿ, ಹಗ್ಗ ಮುಂದಕ್ಕೆ ದಾಟಿಸುತ್ತೇನೆ, ಅಲ್ಲೇ ಕಟ್ಟಿ.
ಅಜ್ಜ: (ನಕ್ಕು) ಸಿಂಗಾಪುರದಲ್ಲಿ ಕೂತು ಹೊಳೆಯ ಪಾಠ ಕಲಿತೆಯಾ? ಸರಿ, ಕೊಡು ಇತ್ತ.

ಹಿರಿಯರಿಗೆ ‘ಬೇಡ’ ಎನ್ನುವುದು ಸುಲಭವಲ್ಲ. ಆದರೆ ಮೊಮ್ಮಗ ಎರಡು ಕೆಲಸ ಮಾಡಿದ್ದಾನೆ ಗಮನಿಸಿ: ಕಾರಣ ಹೇಳಿದ್ದಾನೆ, ಸಹಾಯಕ್ಕೆ ತಾನೇ ಮುಂದಾಗಿದ್ದಾನೆ. ‘ಹಿಂದೆ’, ‘ಮುಂದೆ’ ಎಂಬ ಎರಡು ಸಣ್ಣ ಪದಗಳು ಸರಿಯಾದ ಗಳಿಗೆಯಲ್ಲಿ ಬಾಯಿಗೆ ಬಂದರೆ ಒಂದು ದೋಣಿ ಉಳಿಯುತ್ತದೆ. ಮನೆಮಾತನ್ನು ಚೆನ್ನಾಗಿ ಕಲಿಯಿರಿ ಎಂದು ನಾವು ಶಿಕ್ಷಕರು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ.

10. ಮಾಡಿ ನೋಡಿ

ಬೇಕಾದ ವಸ್ತುಗಳು: ಒಂದು ಅಗಲವಾದ ತಟ್ಟೆ ಅಥವಾ ಡಬ್ಬ, ಒದ್ದೆ ಮರಳು, ಊಟದ ಫೋರ್ಕ್, ನಯವಾದ ಒಂದು ಕಲ್ಲು, ದಾರ, ರಬ್ಬರ್ ಬ್ಯಾಂಡ್, ಅಳತೆಪಟ್ಟಿ.

ವಿಧಾನ: ದಾರದ ತುದಿಗೆ ರಬ್ಬರ್ ಬ್ಯಾಂಡ್ ಕಟ್ಟಿ. ಮೊದಲು ಕಲ್ಲಿಗೆ ದಾರ ಕಟ್ಟಿ ಮರಳಿನ ಮೇಲೆ ಎಳೆಯಿರಿ. ಕಲ್ಲು ಜರುಗುವ ಕ್ಷಣದಲ್ಲಿ ಬ್ಯಾಂಡ್ ಎಷ್ಟು ಹಿಗ್ಗಿದೆ ಎಂದು ಅಳೆದು ಬರೆದುಕೊಳ್ಳಿ. ನಂತರ ಫೋರ್ಕಿನ ಹಲ್ಲುಗಳನ್ನು ಓರೆಯಾಗಿ ಮರಳಿಗೆ ಚುಚ್ಚಿ, ಅದರ ಕುತ್ತಿಗೆಗೆ ದಾರ ಕಟ್ಟಿ, ಮರಳಿಗೆ ಸಮಾನಾಂತರವಾಗಿ ಎಳೆಯಿರಿ. ಕೊನೆಗೆ ಅದೇ ಫೋರ್ಕನ್ನು ಮೇಲ್ಮುಖವಾಗಿ ಎಳೆಯಿರಿ. ಮೂರು ಅಳತೆಗಳನ್ನು ಹೋಲಿಸಿ, ತೀರ್ಮಾನವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

11. ಪದಕೋಶ

ಅಳಿವೆ – ನದಿ ಕಡಲು ಸೇರುವ ಬಾಯಿ
ಭರತ – ಉಬ್ಬರ, ನೀರು ಏರುವುದು
ಸೆಳವು – ನೀರಿನ ಜೋರಾದ ಹರಿವು
ಗಳ – ಉದ್ದವಾದ ಬಿದಿರು
ಕುಳ – ನೇಗಿಲಿನ ಕಬ್ಬಿಣದ ಮೊನೆ
ಪಾತಿ ದೋಣಿ – ಕಿರಿದಾದ ಸಣ್ಣ ದೋಣಿ
ಹರಿಗೋಲು – ಬುಟ್ಟಿಯಂಥ ದುಂಡನೆಯ ದೋಣಿ
ಹಿನ್ನೀರು – ಹಿಂದಕ್ಕೆ ನಿಂತ ಶಾಂತವಾದ ನೀರು

12. ಅಭ್ಯಾಸ

ಅ) ಉತ್ತರಿಸಿ:
1. ಮರಾಠಿಯ ‘ನಾಂಗರ್’ ಪದದ ಎರಡು ಅರ್ಥಗಳು ಲಂಗರಿನ ಗುಣವನ್ನು ಹೇಗೆ ವಿವರಿಸುತ್ತವೆ?
2. ಶರಾವತಿಯ ಹರಿವು ಮಳೆಯಿಲ್ಲದಿದ್ದರೂ ಏಕೆ ಹೆಚ್ಚಬಹುದು?
3. ಹರಿಗೋಲಿಗೆ ಸೆಳವಿನಲ್ಲಿ ಲಂಗರು ಹಾಕಬಾರದು ಏಕೆ?

ಆ) ಲೆಕ್ಕ ಮಾಡಿ: ಇಳಿತದ ಆಳ 4 ಮೀಟರ್, ಉಬ್ಬರದ ಏರಿಕೆ 1.5 ಮೀಟರ್, ಮುಂತುದಿಯ ಎತ್ತರ 0.5 ಮೀಟರ್. ಸೆಳವು ಇದೆ. ಹಗ್ಗ ಎಷ್ಟು? (ಉತ್ತರ: 42 ಮೀಟರ್)

ಇ) ಸ್ವಂತ ವಾಕ್ಯದಲ್ಲಿ ಬಳಸಿ: ಲಂಗರು ಹಾಕು, ಲಂಗರು ಕೀಳು, ತಳ ಕಚ್ಚು, ಹಗ್ಗ ಬಿಡು.

ಈ) ಆರಿಸಿ, ಕಾರಣ ಕೊಡಿ: ನಾಲ್ಕೂವರೆ ಮೀಟರ್ ಉದ್ದದ ಫೈಬರ್ ದೋಣಿ, ಮೂವರು ಜನ, ಮರಳಿನ ತಳ, ಸಾಧಾರಣ ಸೆಳವು. 10 ಕಿಲೋ ಕಲ್ಲು, 5 ಕಿಲೋ ಅಣಬೆ ಲಂಗರು, ಸರಪಳಿ ಸಹಿತ 4 ಕಿಲೋ ರೆಕ್ಕೆ ಲಂಗರು – ಈ ಮೂರರಲ್ಲಿ ಯಾವುದನ್ನು ಕೊಳ್ಳುತ್ತೀರಿ?

ಉ) ಮನೆಗೆಲಸ: ನಿಮ್ಮ ಊರಿಗೆ ಹತ್ತಿರದ ಹೊಳೆ ಯಾವುದು, ಅದರ ತಳ ಎಂಥದು, ಅಲ್ಲಿ ಲಂಗರಿಗೆ ಏನೆನ್ನುತ್ತಾರೆ ಎಂದು ಅಜ್ಜ ಅಜ್ಜಿಯರಿಗೆ ಫೋನ್ ಮಾಡಿ ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು ತನ್ನಿ.